ಆರು ಹೆಂಗಸರು ಎಲ್ಲಿ ಹೋದರು?

"ತಲೆ ಕಡೆ ಎತ್ತಿ... ಎತ್ತಿ ಅಂದ್ರೆ! ಗೋಡೆಗಲ್ಲ ರೀ, ಮೇಲಕ್ಕೆ!"

ಮೊಳೆಯಣ್ಣ ಊರುಗೋಲು ಆಡಿಸುತ್ತ ನಾಲ್ಕು ಜನರಿಗೆ ಅಪ್ಪಣೆ ಕೊಡುತ್ತಿದ್ದ. ಪೆಟ್ಟಿಗೆ ಕೋಣೆಯಿಂದ ಹೊರಟು ಹೊರಬಾಗಿಲಿನ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಅಲ್ಲಿ ಗೋಡೆಗುಂಟ ಸೊಂಟದೆತ್ತರಕ್ಕೆ ಹಳೆಯ ಪತ್ರಿಕೆಗಳ ರಾಶಿ. ಅದನ್ನು ಎತ್ತಿಡಬೇಕೆಂದು ಬೆಳಗಿನಿಂದ ಎಲ್ಲರೂ ಹೇಳಿದ್ದರು, ಯಾರೂ ಎತ್ತಿಟ್ಟಿರಲಿಲ್ಲ.

"ಅಕ್ಕ ಬದುಕಿದ್ದಾಗ್ಲೂ ಹೀಗೇ. ಯಾರು ಏನು ಹೇಳಿದ್ರೂ ಜಗ್ತಿರ್ಲಿಲ್ಲ," ಎಂದ ಸತ್ತವಳ ತಮ್ಮ, ಬೆವರು ಒರೆಸಿಕೊಳ್ಳುತ್ತ.

"ರಿವರ್ಸ್ ತಗೊಂಡು ಮತ್ತೆ ಬನ್ನಿ," ಎಂದಳು ಮಗಳು. ಇಪ್ಪತ್ತೈದು ವರ್ಷ ಡ್ರೈವಿಂಗ್ ಸ್ಕೂಲು ನಡೆಸಿದವಳ ಬಾಯಿಗೆ ಬೇರೆ ಮಾತು ಬರಲಿಲ್ಲ. ಯಾರೋ ಕಿಸಕ್ಕೆಂದರು. ಅವಳಿಗೂ ನಗು ಬಂತು, ಅದರ ಹಿಂದೆಯೇ ಅಳು. ಎರಡನ್ನೂ ನುಂಗಿಕೊಂಡು ಪತ್ರಿಕೆಯ ಕಟ್ಟುಗಳನ್ನು ತಾನೇ ಎತ್ತಿ ಪಕ್ಕಕ್ಕೆ ಹಾಕತೊಡಗಿದಳು.

ಪೆಟ್ಟಿಗೆಯೊಳಗಿದ್ದವಳು ಮೂವತ್ತೊಂದು ವರ್ಷ ಪತ್ರಿಕೆಯ ಕಚೇರಿಯಲ್ಲಿ ಕರಡು ತಿದ್ದಿದವಳು. ಅಲ್ಲಿ ಅವಳನ್ನು ಎಲ್ಲರೂ ಕೆಂಪಿಂಕಮ್ಮ ಎನ್ನುತ್ತಿದ್ದರು. ಮೊಳೆಯಣ್ಣ ಅದೇ ಕಚೇರಿಯಲ್ಲಿ ಸೀಸದ ಅಚ್ಚುಮೊಳೆಗಳನ್ನು ಜೋಡಿಸುತ್ತಿದ್ದವನು. ಅವಳು ಕೆಂಪು ಶಾಯಿಯಲ್ಲಿ ಏನು ಗುರುತು ಹಾಕುತ್ತಾಳೋ ಅವನು ಅದನ್ನು ಮಾಡಬೇಕು. ಸೇರಿಸು ಎಂದರೆ ಸೇರಿಸಬೇಕು, ತೆಗೆ ಎಂದರೆ ತೆಗೆಯಬೇಕು. ಕಚೇರಿಯ ನಿಯಮ ಅಷ್ಟೇ, ಪ್ರಶ್ನೆ ಕೇಳುವ ಹಾಗಿರಲಿಲ್ಲ.

ಪೆಟ್ಟಿಗೆ ಅಂಗಳಕ್ಕೆ ಬರುವಷ್ಟರಲ್ಲಿ ಗೇಟಿನ ಮುಂದೆ ಕಾರು ನಿಂತಿತು. ಇಳಿದವರು ಪತ್ರಿಕೆಯ ಈಗಿನ ಸಂಪಾದಕರು, ಹಳೆಯ ಸಂಪಾದಕರ ಮಗ. ಕೈಯಲ್ಲಿ ಹೂವಿರಲಿಲ್ಲ, ಒಂದು ಹಾಳೆ ಇತ್ತು.

"ಮೇಡಂ, ಈ ಹೊತ್ತಲ್ಲಿ ಕೇಳಬಾರದು. ಆದ್ರೆ ಪುಟ ಮಧ್ಯಾಹ್ನಕ್ಕೆ ಮುಗೀಬೇಕು. ನಿಮ್ಮ ತಾಯಿಯವರ ಬಗ್ಗೆ ಅರ್ಧ ಪುಟ ಹಾಕ್ತಿದೀವಿ, ಫೋಟೋ ಸಮೇತ. ಒಂದ್ಸಲ ಓದಿ 'ಆಗಬಹುದು' ಅಂದ್ಬಿಡಿ, ಸಾಕು."

ತಮ್ಮನ ಮುಖ ಅರಳಿತು. ಮಗಳು ಹಾಳೆ ತೆಗೆದುಕೊಂಡಳು. ಮೇಲೆ ದಪ್ಪ ಅಕ್ಷರದ ತಲೆಬರಹ: 'ಕೊನೆಗೂ ಮನಸೋತ ವಿಮರ್ಶಕಿ'.

*

ಮಗಳಿಗೆ ಹದಿನಾಲ್ಕು ವರ್ಷವಾಗಿದ್ದಾಗ ಆ ಸಿನಿಮಾ ಬಂದಿತ್ತು. ಅದರ ಹೆಸರು ಯಾರ ಬಾಯಲ್ಲೂ ಇರಲಿಲ್ಲ, ಎಲ್ಲರಿಗೂ ಅದು ಇಸ್ತ್ರಿ ಹುಡುಗಿಯ ಸಿನಿಮಾ. ಅನಾಥ ಹುಡುಗಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ, ಬೈಸಿಕೊಳ್ಳುತ್ತಾಳೆ, ಛಲ ತೊಡುತ್ತಾಳೆ. ಕೊನೆಗೆ ಬಟ್ಟೆ ಕಾರ್ಖಾನೆಯ ಒಡತಿಯಾಗಿ ಕಾರಿನಿಂದ ಇಳಿಯುತ್ತಾಳೆ. ಥಿಯೇಟರಿನಲ್ಲಿ ಅಳದೆ ಹೊರಬಂದವರಿಲ್ಲ. ಬೇರೆ ಪತ್ರಿಕೆಗಳು ಬದುಕಿಗೆ ಬೆಳಕು, ಸೋತವರಿಗೆ ಊರುಗೋಲು ಎಂದೆಲ್ಲ ಬರೆದವು. ಈ ಪತ್ರಿಕೆಯ ವಿಮರ್ಶಕರಿಗೆ ಆ ವಾರ ಜ್ವರ. ಸಿನಿಮಾದವರು ಕೊಟ್ಟ ಪಾಸು ಹಾಳಾಗಬಾರದೆಂದು ಸಂಪಾದಕರು ಕೆಂಪಿಂಕಮ್ಮನನ್ನು ಕಳಿಸಿದರು. ಹೊಗಳಿ ನಾಲ್ಕು ಸಾಲು ಬರೆದುಕೊಟ್ಟಾಳು ಎಂದುಕೊಂಡಿದ್ದರು, ಪಾಪ.

ಅವಳು ಬರೆದಿದ್ದು ಒಂದೇ ಅಂಕಣದಷ್ಟು. 'ನಾಯಕಿಯ ಪಕ್ಕದ ಮೇಜುಗಳಲ್ಲಿ ಇನ್ನೂ ಆರು ಹೆಂಗಸರು ಇಸ್ತ್ರಿ ಮಾಡುತ್ತಿದ್ದರು. ಅವರಲ್ಲಿ ಒಬ್ಬಳು ನಾಯಕಿಗೆ ತನ್ನ ಊಟ ಕೊಟ್ಟಳು, ಒಬ್ಬಳು ಅವಳ ಬದಲು ಏಟು ತಿಂದಳು. ಮಧ್ಯಂತರದ ನಂತರ ಈ ಆರು ಜನ ಎಲ್ಲಿ ಹೋದರು? ನಾಯಕಿ ಕಾರಿನಿಂದ ಇಳಿಯುವಾಗ ಉಟ್ಟ ಬಟ್ಟೆಗೆ ಇಸ್ತ್ರಿ ಹಾಕಿದವರು ಯಾರು? ಒಬ್ಬಳು ಮೇಲೆ ಹೋಗುವುದನ್ನು ತೋರಿಸಿ, ಕೆಳಗೆ ಉಳಿದವರಿಗೆ ನಿಮ್ಮದೇ ತಪ್ಪು ಎನ್ನುವ ಸಿನಿಮಾ ಇದು. ಚೆನ್ನಾಗಿಲ್ಲ.'

ಕೆಂಪಿಂಕಮ್ಮನ ತಾಯಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಲೇ ಸತ್ತವಳು. ಅದನ್ನು ಅವಳು ಬರೆದಿರಲಿಲ್ಲ.

ಮರುದಿನದಿಂದ ಬೈಗುಳದ ಕಾಗದಗಳು ಚೀಲಗಟ್ಟಲೆ ಬಂದವು. ಸಿನಿಮಾದವರು ಜಾಹೀರಾತು ನಿಲ್ಲಿಸಿದರು. ಮನೆಯ ಕಿಟಕಿಗೆ ಕಲ್ಲು ಬಿತ್ತು. ಶಾಲೆಯಲ್ಲಿ ಗೆಳತಿಯರು ಮಗಳ ಜೊತೆ ಮಾತು ಬಿಟ್ಟರು. ಅವಳೂ ಸಿನಿಮಾವನ್ನು ಮೂರು ಸಲ ನೋಡಿ ಅತ್ತವಳೇ.

"ಎಲ್ಲರೂ ಅತ್ರು. ನೀನೊಬ್ಳೇ ಯಾಕಮ್ಮ ಅಳ್ಲಿಲ್ಲ?" ಎಂದು ಚೀರಿದ್ದಳು.

"ಯಾರು ಹೇಳಿದ್ದು ಅಳ್ಲಿಲ್ಲ ಅಂತ? ಕರ್ಚೀಫು ಹಿಂಡೋ ಹಾಗಾಗಿತ್ತು. ಅತ್ತಿದ್ದಕ್ಕೇ ಸಿಟ್ಟು ಬಂತು ಕಣೆ."

ಮಗಳಿಗೆ ಅದು ಆಗ ಅರ್ಥವಾಗಲಿಲ್ಲ. ಎರಡು ತಿಂಗಳು ಅಮ್ಮನ ಜೊತೆ ಮಾತು ಬಿಟ್ಟಳು.

*

"ಇದ್ರಲ್ಲಿ ಏನಿದೆ ಅಂದ್ರೆ," ಮಗಳು ಹಾಳೆಯಿಂದ ಕಣ್ಣೆತ್ತಿದಳು, "ಅಮ್ಮ ಕೊನೆಗೂ ತಪ್ಪು ಒಪ್ಕೊಂಡ್ಳು, ಆ ಸಿನಿಮಾ ದೊಡ್ಡದು ಅಂದ್ಳು, ಅಂತ."

"ನಲವತ್ತು ವರ್ಷ ಆಯ್ತಲ್ಲ ಮೇಡಂ. ಹೊಸ ಪ್ರಿಂಟ್ ಇವತ್ತೇ ಬಿಡುಗಡೆ. ವಿಶೇಷ ಪುಟ ಮಾಡ್ತಿದೀವಿ. ಅದನ್ನ ಬೈದಿದ್ದ ಒಬ್ಬರೇ ಒಬ್ಬರು ನಿಮ್ಮ ತಾಯಿ. ಅವರೂ ಕೊನೆಗೆ ಒಪ್ಪಿದ್ರು ಅಂದ್ರೆ ಓದೋರಿಗೂ ಒಂದು ಸಮಾಧಾನ."

"ಯಾರ ಹತ್ರ ಒಪ್ಕೊಂಡ್ಳು?"

"ನಮ್ಮ ತಂದೆ ಹತ್ರ. ನಿವೃತ್ತಿ ದಿನ."

"ಆ ದಿನ ನಿಮ್ಮಪ್ಪ ಕಚೇರಿ ಕಡೆ ತಲೆ ಹಾಕ್ಲಿಲ್ಲ ಸ್ವಾಮಿ," ಎಂದ ಮೊಳೆಯಣ್ಣ. "ಆಯಮ್ಮನ ಚೀಲ ಹೊತ್ಕೊಂಡು ಈ ಮನೆ ತನಕ ಬಂದಿದ್ದು ನಾನು. ದಾರೀಲಿ ಮಾತಾಡಿದ್ದೆಲ್ಲಾ ಮೊಣಕಾಲು ನೋವಿನ ವಿಚಾರ."

ಅಕ್ಕನ ಮಗಳನ್ನು ಮಾವ ಪಕ್ಕಕ್ಕೆ ಕರೆದ. "ನೋಡಮ್ಮ, ಅಕ್ಕ ಹೋದ್ಳು. ಈಗ ಯಾರಿಗೆ ನಷ್ಟ? ಅರ್ಧ ಪುಟ ಅಂದ್ರೆ ಸುಮ್ನೇನಾ? ಒಂದು ಹೂಂ ಅಂದ್ಬಿಡು. ನಿಂಗೂ ಆ ಸಿನಿಮಾ ಅಂದ್ರೆ ಪ್ರಾಣ ತಾನೆ?"

ಹೌದು, ಪ್ರಾಣವೇ. ಡ್ರೈವಿಂಗ್ ಸ್ಕೂಲು ಶುರುಮಾಡುವ ಧೈರ್ಯ ಬಂದಿದ್ದು ಆ ಸಿನಿಮಾದಿಂದ ಎಂದು ಅವಳು ಹತ್ತು ಜನರ ಮುಂದೆ ಹೇಳಿದ್ದಳು. ಅಮ್ಮ ಒಂದೇ ಒಂದು ಸಲ 'ಚೆನ್ನಾಗಿದೆ' ಅನ್ನಲಿ ಎಂದು ನಲವತ್ತು ವರ್ಷ ಕಾದಿದ್ದಳು. ಈಗ ಆ ಮಾತು ಅಚ್ಚಾಗಲು ತಯಾರಾಗಿ ಕೈಯಲ್ಲೇ ಇತ್ತು.

ಅವಳು ಹಾಳೆಯನ್ನು ಇನ್ನೊಮ್ಮೆ ಓದಿದಳು.

*

ಸಿನಿಮಾ ಬಂದ ಕಾಲಕ್ಕೆ ಹಳೆಯ ಸಂಪಾದಕರೂ ಒಂದು ತಪ್ಪೊಪ್ಪಿಗೆ ಬರೆಸಿದ್ದರು, ಕೆಂಪಿಂಕಮ್ಮನ ಹೆಸರಿನಲ್ಲೇ. ಮೊಳೆಯಣ್ಣ ಅದನ್ನು ಜೋಡಿಸಿ, ಕರಡು ತೆಗೆದು, ತಲೆ ತಗ್ಗಿಸಿಕೊಂಡು ಅವಳ ಮೇಜಿನ ಮೇಲಿಟ್ಟ. ಬೇರೆ ಯಾರ ಹತ್ತಿರ ಇಡುತ್ತಾನೆ? ಕರಡು ತಿದ್ದುವವಳು ಅವಳೇ.

ಅವಳು ಕನ್ನಡಕ ಏರಿಸಿ ಓದಿದಳು. ಅಭ್ಯಾಸಬಲ, ಮೊದಲು ಎರಡು ತಪ್ಪು ತಿದ್ದಿದಳು. ಆಮೇಲೆ ಮೇಲಿನಿಂದ ಕೆಳಗಿನವರೆಗೆ ಗೆರೆ ಎಳೆದು, 'ಪೂರ್ತಿ ತೆಗೆಯಿರಿ' ಎಂದು ಬರೆದು ಸಹಿ ಹಾಕಿದಳು.

"ಜಾಗ ಖಾಲಿ ಉಳಿಯುತ್ತಲ್ಲಮ್ಮ?"

"ಉಳೀಲಿ."

"ನಿಮ್ಮ ಕೆಲಸ?"

"ನನ್ನ ಕೆಲಸಾನೇ ಮಾಡಿದ್ದು. ತಪ್ಪಿದ್ರೆ ತೆಗೀಬೇಕು. ಇದು ಮೇಲಿಂದ ಕೆಳಗೆ ತಪ್ಪು."

ನಿಯಮ ನಿಯಮವೇ. ಅವನು ಮೊಳೆಗಳನ್ನು ಕಳಚಿದ. ಮರುದಿನ ಮೂರನೇ ಪುಟದಲ್ಲಿ ಅಂಗೈಯಷ್ಟು ಬಿಳಿಯ ಜಾಗ ಕಣ್ಣಿಗೆ ಹೊಡೆಯುವಂತಿತ್ತು. ಅವನನ್ನು ಒಂದು ವಾರ ಕೆಲಸದಿಂದ ಹೊರಗಿಟ್ಟರು. ಅವಳನ್ನು ನಿಧನ ವಾರ್ತೆಗಳ ಮೇಜಿಗೆ ಹಾಕಿದರು, ನಿವೃತ್ತಿಯಾಗುವವರೆಗೂ. ಹತ್ತೊಂಬತ್ತು ವರ್ಷ ಅವಳು ಸತ್ತವರ ವಯಸ್ಸು, ಮಕ್ಕಳ ಹೆಸರು, ಹೋದ ದಿನಾಂಕ ತಪ್ಪದಂತೆ ನೋಡಿಕೊಂಡಳು. ಮತ್ತೆ ಯಾವ ಸಿನಿಮಾದ ಬಗ್ಗೆಯೂ ಬರೆಯುವ ಅವಕಾಶ ಸಿಗಲಿಲ್ಲ. ಆ ಬಗ್ಗೆ ಅವಳಿಗೆ ಬೇಜಾರಿತ್ತು. ಇತ್ತು ಎಂದು ಒಮ್ಮೆ ಹೇಳಿಯೂ ಇದ್ದಳು.

*

"ಹೋದ ತಿಂಗಳು," ಮಗಳು ಸಂಪಾದಕರ ಕಡೆ ತಿರುಗಿದಳು, "ಆಸ್ಪತ್ರೆ ವಾರ್ಡಿನ ಟಿವಿಯಲ್ಲಿ ಇದೇ ಸಿನಿಮಾ ಹಾಕಿದ್ರು. ನಾನೂ ನರ್ಸೂ ಒಬ್ಬರ ಹೆಗಲ ಮೇಲೆ ಒಬ್ಬರು ಬಿದ್ದು ಅತ್ವಿ. ಅಮ್ಮ ಮೂಗಿಗೆ ಹಾಕಿದ್ದ ನಳಿಕೆ ಸರಿಸಿ ಏನಂದ್ಳು ಗೊತ್ತಾ? 'ನೋಡು, ಆ ಆರು ಜನ ಇವತ್ತೂ ಬರ್ಲಿಲ್ಲ.'"

ಸಂಪಾದಕರು ವಾಚು ನೋಡಿಕೊಂಡರು.

"ನಂಗೆ ಈ ಸಿನಿಮಾ ಇಷ್ಟ. ನನ್ನ ಹೆಸರಲ್ಲಿ ಎಷ್ಟು ಬೇಕಾದ್ರೂ ಹೊಗಳ್ಕೊಳ್ಳಿ. ಅಮ್ಮನಿಗೆ ಇಷ್ಟ ಇರ್ಲಿಲ್ಲ. ಬದುಕಿದ್ದಾಗ ಹೇಳಿಸೋಕೆ ಆಗದೇ ಇದ್ದಿದ್ದನ್ನ, ಬಾಯಿ ಮುಚ್ಚಿದ್ಮೇಲೆ ಹೇಳಿಸ್ತೀರಾ?"

"ಹಾಗಾದ್ರೆ ಆ ಪುಟದಲ್ಲಿ ನಿಮ್ಮ ತಾಯಿಗೆ ಜಾಗ ಇರಲ್ಲ ಮೇಡಂ. ನಿಧನ ವಾರ್ತೆನೂ ಕಷ್ಟ."

"ಬೇಡ ಬಿಡಿ."

"ಅಯ್ಯೋ, ಒಂದು ಸಾಲಾದ್ರೂ..." ಎಂದ ತಮ್ಮ.

"ಮಾವ, ಸುಮ್ನಿರು. ಸುಳ್ಳು ಹೇಳಿಸ್ಕೊಂಡು ಪೇಪರಲ್ಲಿ ಬರೋದಕ್ಕಿಂತ ಸುದ್ದಿ ಇಲ್ದೆ ಹೋಗ್ಲಿ."

ಅವಳು ಹಾಳೆಯನ್ನು ಮಡಚಿ ಸಂಪಾದಕರ ಜೇಬಿಗೇ ಇಟ್ಟಳು. ಕಾರು ಹೊರಟಿತು. ಮೊಳೆಯಣ್ಣ ಮೂಗು ಸೀಟಿಕೊಂಡ, ಸಾಕಷ್ಟು ಜೋರಾಗಿಯೇ.

ಸ್ಮಶಾನಕ್ಕೆ ಎರಡು ದಾರಿಗಳಿದ್ದವು. "ಥಿಯೇಟರ್ ರಸ್ತೆ ಬೇಡ ಮೇಡಂ, ಜನ ಜಾತ್ರೆ," ಎಂದ ಪೆಟ್ಟಿಗೆ ಏರಿಸಿಕೊಂಡ ವ್ಯಾನಿನ ಚಾಲಕ.

"ಅಲ್ಲೇ ಹೋಗಿ. ಸೆಕೆಂಡ್ ಗೇರಲ್ಲಿ ನಿಧಾನಕ್ಕೆ."

ಥಿಯೇಟರಿನ ಮುಂದಿನ ಸಾಲು ಫುಟ್‌ಪಾತು ದಾಟಿ ರಸ್ತೆಗೆ ಇಳಿದಿತ್ತು. ವ್ಯಾನು ನಿಂತಿತು. ಹಾರ್ನಿಗೆ ಯಾರೂ ಕದಲಲಿಲ್ಲ. ಮಗಳು ಕೆಳಗಿಳಿದು, "ಸ್ವಲ್ಪ ದಾರಿ ಬಿಡಿ," ಎಂದಳು. ಒಳಗಿದ್ದ ಪೆಟ್ಟಿಗೆ ಕಂಡು ಜನ ಗಪ್‌ಚುಪ್ಪಾಗಿ ಸರಿದರು. ಒಬ್ಬ ಟೋಪಿ ತೆಗೆದ.

ಸಾಲಿನಲ್ಲಿದ್ದ ಹೆಂಗಸೊಬ್ಬಳು ದನಿ ತಗ್ಗಿಸಿ ಕೇಳಿದಳು, "ಪಾಪ, ಯಾರಮ್ಮ ತೀರ್ಕೊಂಡಿದ್ದು?"

ಮಗಳು ದನಿ ತಗ್ಗಿಸಲಿಲ್ಲ. "ಈ ಸಿನಿಮಾ ಚೆನ್ನಾಗಿಲ್ಲ ಅಂದವಳು. ನಮ್ಮಮ್ಮ."

"ಚೆನ್ನಾಗಿಲ್ವಾ? ಯಾಕಂತೆ?"

ಈ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ಯಾರೂ ಹೀಗೆ ನೆಟ್ಟಗೆ ಕೇಳಿರಲಿಲ್ಲ. ಮಗಳು ವ್ಯಾನಿನ ತೆರೆದ ಬಾಗಿಲಿಗೆ ಒರಗಿ, ರಸ್ತೆಯ ನಡುವೆಯೇ ನಿಂತು, ಮೊದಲಿನಿಂದ ಹೇಳತೊಡಗಿದಳು. ಹಿಂದಿನವರು ಕೇಳಿಸದೆ ಮುಂದೆ ಬಂದರು, ಮುಂದಿನವರು ಕತ್ತು ತಿರುಗಿಸಿದರು. ಟಿಕೆಟ್ ಕಿಟಕಿಯಿಂದ ಒಂದು ಕೈ ಹೊರಬಂದು, ಮುಂದಿನವರು ಬನ್ನಿ ಎಂದು ಹಲಗೆಯನ್ನು ಬಡಿಯಿತು. ಮತ್ತೆ ಬಡಿಯಿತು. ಅದರ ಮುಂದೆ ಯಾರೂ ಇರಲಿಲ್ಲ.