ಮೇಡ್ಲೇರಿ ಅಣ್ಣನ ಮುಖ

ರಾಣೇಬೆನ್ನೂರಿನ ಕನಕಪ್ಪನ ಬೀಜದ ಅಂಗಡಿಯಲ್ಲಿ ಗಿರಾಕಿಗಳಿಗೆಂದು ಇರುವುದು ಒಂದೇ ಕುರ್ಚಿ. ಮಿಕ್ಕವರು ಗೊಬ್ಬರದ ಚೀಲಗಳ ಮೇಲೆ ಕೂತು ಚಹಾ ಕುಡಿಯಬೇಕು. ಈ ವರ್ಷ ಆ ಕುರ್ಚಿಯನ್ನು ಕೊಟ್ರೇಶನಿಗೆ ಬಿಟ್ಟುಕೊಡುವ ರೂಢಿ ಬಿದ್ದಿತ್ತು.

“ಬರ್ರಿ ಬರ್ರಿ, ಮೇಡ್ಲೇರಿ ಅಣ್ಣಾರ! ಏ, ಅತ್ಲಾಗ ಸರೀರಪಾ, ಅಣ್ಣಾರು ಬಂದ್ರು,” ಎಂದು ಕನಕಪ್ಪ ಗಲ್ಲಾದಿಂದಲೇ ಕೂಗಿದರೆ, ಕೊಟ್ರೇಶನ ಎದೆ ಅಂಗಿಯೊಳಗೆ ಹಿಡಿಸುತ್ತಿರಲಿಲ್ಲ. ಹೆಗಲ ಮೇಲಿನ ಟವೆಲನ್ನು ಒಮ್ಮೆ ಕೊಡವಿ, ಮಂತ್ರಿಗಳು ಕೂತ ಹಾಗೆ ಕೂತು, ಕಾಲ ಮೇಲೆ ಕಾಲು ಹಾಕುತ್ತಿದ್ದ.

ಈ ಮರ್ಯಾದೆ ಬಂದದ್ದು ‘ಬೀಜಬಳಗ’ದಿಂದ. ಅದು ಮೊಬೈಲಿನಲ್ಲಿ ನಡೆಯುವ ಒಂದು ಚರ್ಚಾಕಟ್ಟೆ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಸುತ್ತಿನ ಬೀಜದ ಬೆಳೆಗಾರರು ಅಲ್ಲಿ ತಮ್ಮ ಕಷ್ಟ ಕೇಳುತ್ತಾರೆ, ತಿಳಿದವರು ಉತ್ತರ ಬರೆಯುತ್ತಾರೆ. ಹಾವೇರಿಯ ಸಿದ್ದಲಿಂಗೇಶ ಎಂಬವರು ಅದನ್ನು ನಡೆಸುವವರು, ಬಲು ಕಟ್ಟುನಿಟ್ಟಿನ ಮನುಷ್ಯ. ಸೇರಿದ ಕೂಡಲೇ ಫೋಟೋ ಹಾಕಿಕೊಳ್ಳುವ ಹಾಗಿಲ್ಲ. ಹೆಸರಿನ ಪಕ್ಕದಲ್ಲಿ ಒಂದು ಬೂದು ಬಣ್ಣದ ಖಾಲಿ ಬಿಲ್ಲೆ ಇರುತ್ತದೆ, ಅಷ್ಟೇ. ನೀವು ಕೊಟ್ಟ ಉತ್ತರ ಕೇಳಿದವರ ಹೊಲದಲ್ಲಿ ನಿಜವಾಗಿ ಕೆಲಸ ಮಾಡಿದರೆ, ಹೂವು ಉದುರದೆ ಕಾಯಿಗೆ ನಿಂತಿತು ಎನ್ನುವಂತೆ, ಅವರು ಅದರ ಕೆಳಗೆ ‘ಕಾಯಿ ಕಚ್ಚಿತು’ ಎಂದು ಒತ್ತುತ್ತಾರೆ. ಅಂಥವು ನೂರು ಬಂದ ಮೇಲೆ ಫೋಟೋದ ಹಕ್ಕು. ಅದೂ ತನ್ನದೇ ಮುಖ. ಹೂವು, ದೇವರು, ಸಿನಿಮಾ ಹೀರೋ ಯಾವುದೂ ನಡೆಯುವುದಿಲ್ಲ. ಯಾರ ಮುಖವೋ ಹಾಕಿಕೊಂಡು ಯಾವುದೋ ಔಷಧಿ ಮಾರುವವರ ಕಾಟ ಕಂಡೇ ಆ ನಿಯಮ ಮಾಡಿದ್ದರು. ಇಡೀ ಬಳಗದಲ್ಲಿ ಮುಖ ಇದ್ದವರು ಬೆರಳೆಣಿಕೆಯ ಮಂದಿ.

‘ಮೇಡ್ಲೇರಿ ಪ್ಲಾಟ್’ ಎಂಬ ಹೆಸರಿನ ಪಕ್ಕದ ಬೂದು ಬಿಲ್ಲೆ ಇನ್ನೇನು ಮುಖವಾಗುವುದರಲ್ಲಿತ್ತು.

ಇದರಲ್ಲಿ ಒಂದೇ ಒಂದು ತೊಡಕು. ಆ ಉತ್ತರಗಳಲ್ಲಿ ಒಂದನ್ನೂ ಕೊಟ್ರೇಶ ಬರೆದಿರಲಿಲ್ಲ. ಬರೆದವಳು ಅವನ ಹೆಂಡತಿ ಸುರೇಖಾ.

ಮೇಡ್ಲೇರಿಯಲ್ಲಿ ಹೊಳೆಯ ನೀರು ಹರಿಯುವ ಹೊಲದಲ್ಲಿ ಅವರು ಬಲೆ ಕಟ್ಟಿ ಮೆಣಸಿನ ಬೀಜದ ಪ್ಲಾಟ್ ಮಾಡುತ್ತಿದ್ದರು. ಒಂದು ತಳಿಯ ಮೊಗ್ಗನ್ನು ಚಿಮಟದಿಂದ ಬಿಡಿಸಿ, ಗಂಡುಭಾಗ ಕಿತ್ತು, ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಪರಾಗ ಸೋಕಿಸಿ, ಗುರುತಿಗೆ ದಾರ ಕಟ್ಟಬೇಕು. ಇದಕ್ಕೆ ಆ ಕಡೆ ‘ಕ್ರಾಸಿಂಗ್’ ಎನ್ನುತ್ತಾರೆ, ಪೂರಾ ಹೆಂಗಸರ ಕೆಲಸ. ಗಂಡಸರದು ನೀರು, ಔಷಧಿ ಮತ್ತು ಕಂಪನಿಯವರ ಜೊತೆ ಮಾತು. ಮಧ್ಯಾಹ್ನ ಹೊಲದಲ್ಲೇ ಉಂಡು ಕೊಟ್ರೇಶ ಅಡ್ಡಾದಾಗ ಸುರೇಖಾ ಅವನ ಫೋನ್ ತೆಗೆದುಕೊಂಡು ಬರೆಯುತ್ತ ಕೂರುತ್ತಿದ್ದಳು. ಏನು ಬರೆಯುತ್ತಾಳೆಂದು ಅವನು ಯಾವತ್ತೂ ಓದಿರಲಿಲ್ಲ.

ಅಂಗಡಿಯಲ್ಲಿ ಒಂದು ದಿನ ಯಾರೋ, “ಆ ಮೇಡ್ಲೇರಿ ಪ್ಲಾಟ್ ಅನ್ನೋರು ನೀವ ಏನ್ರೀ?” ಎಂದು ಕೇಳಿದ್ದರು. “ಹೂನ್ರಿ, ನಮ್ದ,” ಎಂದಿದ್ದ. ಪ್ಲಾಟ್ ಅವನದೇ ತಾನೆ, ಸುಳ್ಳೇನಲ್ಲ! ಆದರೆ ಮರುವಾರದಿಂದ ಕುರ್ಚಿ ಬಂತು, ಅಣ್ಣ ಎಂಬ ಹೆಸರು ಬಂತು. ಆಮೇಲೆ ಬಿಡಿಸಿ ಹೇಳಲು ಬಾಯಿ ಬರಲಿಲ್ಲ.

ಒಂದು ದಿನ ಅವನು ಫೋನ್ ಮನೆಯಲ್ಲೇ ಬಿಟ್ಟು ರಾಣೇಬೆನ್ನೂರಿಗೆ ಹೋಗಿ ಮರಳಿದಾಗ ಸುರೇಖಾ ಅದನ್ನು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಮುಖ ಅರಳಿತ್ತು.

“ರೀ, ನೂರಾತ್ರಿ! ಹಿರೇಕೆರೂರಿನವ್ರು ಈಗ ಒತ್ತಿದ್ರು. ಫೋಟೋ ಹಾಕಬಹುದಂತ!”

“ಭೇಷ್! ಬಂದ ಬರತೈತಿ ಅಂತ ನಾ ಹೋದ ವಾರನ ತಗಿಸಿಟ್ಟೇನಿ,” ಎಂದು ಕೊಟ್ರೇಶ ಅವಳ ಕೈಯಿಂದ ಫೋನ್ ತೆಗೆದುಕೊಂಡು ಫೋಟೋ ತೋರಿಸಿದ. ಸ್ಟುಡಿಯೋದ ನೀಲಿ ಪರದೆ, ಹೊಸ ಅಂಗಿ, ತಿದ್ದಿದ ಮೀಸೆ. ಫೋಟೋದಲ್ಲಿ ಅವನು ಹೊಸ ಅಳಿಯನ ಹಾಗೆ ಕಾಣುತ್ತಿದ್ದ.

ಸುರೇಖಾ ಫೋಟೋ ನೋಡಿದಳು, ಗಂಡನನ್ನು ನೋಡಿದಳು. “ನಾ ನಂದು ಹಾಕಬೇಕಂತ ಮಾಡಿದ್ದೆ,” ಎಂದಳು ಮೆಲ್ಲಗೆ.

“ನಿಂದಾ? ಎಲ್ಲಾರೂ ಅಣ್ಣಾರು ಅಂತಾರ. ಹೊಲ ನಂದು, ಫೋನ್ ನಂದು, ನಂಬರ್ ನಂದು. ಒಮ್ಮಿಂದೊಮ್ಮೆ ನಿನ್ನ ಮುಖ ಹಾಕಿದ್ರ ಮಂದಿ ಏನಂದಾರು?”

“ಹೊಲ ನಿಮ್ದರಿ, ಯಾರಿಲ್ಲ ಅಂದ್ರು? ಬರದ ಮಾತು ನಂದು.”

ಒಳಗೆ ಜೋಳ ಹಸನು ಮಾಡುತ್ತಿದ್ದ ಕರೆವ್ವ, ಕೊಟ್ರೇಶನ ತಾಯಿ, ಮೊರ ಕೆಳಗಿಟ್ಟು ಬಂದಳು. “ಸುರೇಖಾ, ನಾನೂ ಹರೇದಾಗ ಇದ ಕ್ರಾಸಿಂಗ್ ಮಾಡೇನವಾ. ನನ್ನ ಹೆಸರ ಯಾರರ ಕೇಳ್ಯಾರೇನು? ಕೇಳಲಿಲ್ಲಂತ ನಾ ಸತ್ತೇನೇನು? ಹೆಣ್ಮಕ್ಕಳ ಫೋಟೋ ಕಂಡ ಕಂಡೋರ ಕಿಸೇದಾಗ ಯಾಕ ಬೇಕು?”

“ಹೌದು ಮತ್ತ. ಯಾವನರ ಹಲ್ಕಟ್ ಮೆಸೇಜ್ ಹಾಕಿದ್ರ?” ಎಂದ ಕೊಟ್ರೇಶ. ಆ ಅಂಜಿಕೆ ಅವನಿಗೆ ಖರೇನೇ ಇತ್ತು.

“ಹಾಕಿದೋರಿಗೆ ನಾಚಿಕಿ ಆಗಬೇಕರಿ. ನನಗ್ಯಾಕ?” ಎಂದಳು ಸುರೇಖಾ. ಕಣ್ಣು ತುಂಬಿತ್ತು, ದನಿ ಮಾತ್ರ ನೆಟ್ಟಗಿತ್ತು. “ನಾ ಶಾಣ್ಯಾಕಿ ಅಂತ ತೋರಿಸಿಕೊಳ್ಳಾಕ ಅಲ್ಲ. ನಾ ಗಳಿಸಿದ್ದು ನನ್ನ ಮುಖಾ. ಅದೊಂದ ಕೇಳಿದೆ. ನಿಮ್ಮ ಫೋನ್, ನಿಮ್ಮಿಚ್ಛೆ.”

ಅವಳು ಹೊಲದ ಕಡೆ ಹೋದಳು. ಕೊಟ್ರೇಶ ಸ್ವಲ್ಪ ಹೊತ್ತು ಫೋನನ್ನು ತಿರುಗಿಸುತ್ತ ನಿಂತ. ಆಮೇಲೆ ನೀಲಿ ಪರದೆಯ ಫೋಟೋವನ್ನೇ ಹಾಕಿಬಿಟ್ಟ.

ಹೊಗಳಿಕೆ ಸುರಿಯಿತು. ಅಣ್ಣಾರ ಮುಖ ನೋಡಿ ಸಂತೋಷ ಆಯಿತು ಎಂದು ಊರೂರಿನಿಂದ ಬರೆದರು. ಬ್ಯಾಡಗಿ ಕಡೆಯ ರಹಿಮಾನಸಾಬ ಎಂಬ ಹಿರಿಯ ಬೆಳೆಗಾರ ಫೋನೇ ಮಾಡಿದ: “ಭಾಯಿ, ನಿಮ್ಮ ಮಾತಿನಿಂದ ನನ್ನ ಪ್ಲಾಟ್ ಉಳೀತು. ಒಮ್ಮೆ ಬಂದು ಹೋಗಲೇಬೇಕು. ನಮ್ಮ ಹೆಣ್ಮಕ್ಕಳೆಲ್ಲ ನಿಮ್ಮನ್ನ ನೋಡಬೇಕಂತಾರ.”

ಕೊಟ್ರೇಶ ಬೈಕ್ ತೊಳೆದು, ಫೋಟೋದಲ್ಲಿದ್ದ ಅಂಗಿಯನ್ನೇ ತೊಟ್ಟು ಹೊರಟ. ಸುರೇಖಾ ರೊಟ್ಟಿ ಕಟ್ಟಿಕೊಟ್ಟಳು.

ರಹಿಮಾನಸಾಬನ ಪ್ಲಾಟಿನಲ್ಲಿ ದಾರ ಕಟ್ಟಿದ ಕಾಯಿಗಳು ಗಿಡದ ತುಂಬ ತೂಗುತ್ತಿದ್ದವು. ಕ್ರಾಸಿಂಗ್ ಹೆಂಗಸರು ಸಾಲು ಬಿಟ್ಟು ಎದ್ದು ಬಂದು ಅವನ ಸುತ್ತ ನಿಂತರು. ಅವರ ಮುಂದಾಳು ಬೀರವ್ವ ಎಂಬ ಗಟ್ಟಿ ದನಿಯ ಹೆಂಗಸು.

“ಅಣ್ಣಾರ, ನಿಮ್ಮ ತಾಯಿ ಹೊಟ್ಟಿ ತಣ್ಣಗಿರಲಿ,” ಎಂದಳು ಬೀರವ್ವ. “ಹೂವು ಉದರತಾವ ಅಂತ ಸಾವಕಾರ್ರು ಕೇಳಿದ್ರ, ಎಲ್ಲಾರೂ ಆ ಔಷಧಿ ಹೊಡೀರಿ, ಈ ಎಣ್ಣಿ ಹೊಡೀರಿ ಅಂದ್ರು. ನೀವೊಬ್ಬರ ನಮ್ಮ ಕಷ್ಟ ಕೇಳಿದ್ರಿ.”

“ನಾನು...?” ಎಂದ ಕೊಟ್ರೇಶ.

“ಹೂಂ ಭಾಯಿ, ನಾನು ಇವರಿಗೆಲ್ಲ ಓದಿ ಹೇಳೀನಿ,” ಎಂದು ರಹಿಮಾನಸಾಬ ಕನ್ನಡಕ ಏರಿಸಿ ಫೋನಿನಿಂದ ಓದತೊಡಗಿದ: “ಕ್ರಾಸಿಂಗ್ ಮಾಡುವ ಹೆಣ್ಣುಮಕ್ಕಳಿಗೆ ಕುಳಿತುಕೊಳ್ಳಲು ಮಣೆ ಕೊಟ್ಟಿದ್ದೀರಾ? ಬಗ್ಗಿ ಬಗ್ಗಿ ಸೊಂಟ ನೋಯುವಾಗ ಕೈ ನಡುಗುತ್ತದೆ, ಚಿಮಟದ ಮೊನೆ ತಾಗಿ ಹೂವು ಕೆಡುತ್ತದೆ. ಮುಟ್ಟಿನ ದಿನ ಅವರಿಗೆ ನೆರಳಿನಲ್ಲಿ ಪರಾಗ ಒಣಗಿಸುವ ಕೆಲಸ ಕೊಡಿ. ಎಲ್ಲಕ್ಕಿಂತ ಮೊದಲು ಹೊಲದ ಮೂಲೆಯಲ್ಲಿ ತಟ್ಟಿ ಕಟ್ಟಿ ಒಂದು ಮರೆ ಮಾಡಿಕೊಡಿ. ಮರೆ ಇಲ್ಲದ ಹೊಲದಲ್ಲಿ ಹೆಣ್ಣುಮಕ್ಕಳು ಹೊರಗೆ ಹೋಗಬೇಕಾದೀತೆಂದು ಅಂಜಿ ಸಂಜೆವರೆಗೂ ನೀರೇ ಕುಡಿಯುವುದಿಲ್ಲ. ನೀರು ಕುಡಿಯದವರಿಗೆ ಬಿಸಿಲೇರುವ ಹೊತ್ತಿಗೆ ಕಣ್ಣು ಕತ್ತಲೆ ಬರುತ್ತದೆ. ನಮ್ಮ ಪ್ಲಾಟಿನಲ್ಲಿಯೂ ಈ ತೊಂದರೆ ಇದೆ, ಇನ್ನೂ ಸರಿಹೋಗಿಲ್ಲ.”

ಹೊಲದ ಮೂಲೆಯಲ್ಲಿ ಹೊಸ ತಟ್ಟಿಯ ಮರೆ ನಿಂತಿತ್ತು. ಪಕ್ಕದಲ್ಲಿ ನೀರಿನ ಮಡಕೆ. ಕೊಟ್ರೇಶ ಅದನ್ನೇ ನೋಡಿದ.

ಅವನ ಪ್ಲಾಟಿನಲ್ಲಿ ಅದಿರಲಿಲ್ಲ. “ಒಂದು ತಟ್ಟಿ ಕಟ್ಟಿಸ್ರಿ” ಎಂದು ಸುರೇಖಾ ಎಷ್ಟು ಸಲ ಕೇಳಿದ್ದಳು! ಪ್ರತಿ ಸಲ “ಮುಂದಿನ ವಾರ ನೋಡೂಣು” ಎಂದಿದ್ದ. ಸಂಜೆ ಮನೆಗೆ ಬಂದವಳು ತಂಬಿಗೆಗಟ್ಟಲೆ ನೀರು ಒಂದೇ ಉಸಿರಿಗೆ ಕುಡಿಯುತ್ತಿದ್ದುದು ನೆನಪಾಯಿತು. ಬಿಸಿಲಿಗೆ ನೀರಡಿಕೆ ಜಾಸ್ತಿ ಎಂದು ಅವನು ನಕ್ಕಿದ್ದೂ ಉಂಟು. ಥೂ, ಎಂಥ ಗಂಡಸು ನಾನು ಎಂದುಕೊಂಡ.

ಬೀರವ್ವ ಕುಪ್ಪಸಕ್ಕೆಂದು ಒಂದು ಗುಳೇದಗುಡ್ಡದ ಖಣ ಅವನ ಕೈಗಿಟ್ಟಳು. “ನಮ್ಮ ವೈನಿಗೆ ಕೊಡ್ರಿ. ಹೆಂಗಸರ ಕಷ್ಟ ಇಷ್ಟು ತಿಳಿಯೋ ಗಂಡ ಸಿಕ್ಕಾನಲ್ಲ, ಭಾಳ ಪುಣ್ಯಾ ಮಾಡ್ಯಾರ ಅವ್ರು.”

ಖಣವನ್ನು ಸುಮ್ಮನೆ ಜೋಳಿಗೆಗೆ ಹಾಕಿಕೊಂಡು ಬೈಕ್ ಹತ್ತಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

“ಬೀರವ್ವಾ,” ಎಂದ ಕೊಟ್ರೇಶ. “ಇದು ನಾ ಬರದದ್ದಲ್ಲ. ಒಂದಕ್ಷರನೂ ನಂದಲ್ಲ. ಎಲ್ಲಾ ನನ್ನ ಹೆಂಡತಿ ಬರದದ್ದು. ಆ ಫೋಟೋ... ನಾ ಕಸಗೊಂಡೆ.”

ರಹಿಮಾನಸಾಬ ಕನ್ನಡಕ ತೆಗೆದ. ಆಮೇಲೆ ಬೀರವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. “ನೋಡ್ರಲೇ! ನಾ ಮದ್ಲ ಅಂದಿದ್ದೆನಿಲ್ಲೋ, ಇದು ಹೆಣ್ಮಗಳ ಮಾತ ಅಂತ? ಯಾವ ಗಂಡಸಿಗರ ಇದು ಹೊಳೀತೈತೇನು?” ಹೆಂಗಸರೆಲ್ಲ ನಕ್ಕರು. ಕೊಟ್ರೇಶನ ಮುಖ ಬ್ಯಾಡಗಿ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತು.

“ತಪ್ಪು ಮಾಡಿದ್ರಿ ಭಾಯಿ,” ಎಂದ ರಹಿಮಾನಸಾಬ. “ಆದರ ನಮ್ಮ ಮುಂದ ಹೇಳಿದ್ರಲ್ಲ. ಇನ್ನ ಎಲ್ಲಾರ ಮುಂದ ಹೇಳ್ರಿ.”

ಅಲ್ಲೇ ಬೇವಿನ ಗಿಡದ ಕೆಳಗೆ ಕೂತು ಕೊಟ್ರೇಶ ಬಳಗದಲ್ಲಿ ಮೊದಲ ಸಲ ತಾನೇ ಬರೆದ. ಇದ್ದದ್ದನ್ನು ಇದ್ದ ಹಾಗೆ ಬರೆದು, ತನ್ನ ಫೋಟೋ ತೆಗೆದುಹಾಕಿದ.

ಸಿದ್ದಲಿಂಗೇಶರ ಉತ್ತರ ಲಗೂನೇ ಬಂತು. ಸತ್ಯ ಹೇಳಿದ್ದಕ್ಕೆ ಸಂತೋಷ, ಆದರೆ ನಿಯಮ ನಿಯಮವೇ. ಸುಳ್ಳು ಮುಖ ಹಾಕಿದ ಖಾತೆ ರದ್ದಾಗುತ್ತದೆ, ಅದರ ನೂರೂ ಹೋಗುತ್ತವೆ. ಸುರೇಖಾ ಅವರು ತಮ್ಮ ಹೆಸರಿನಲ್ಲಿ ಬಂದರೆ ಸ್ವಾಗತ, ಮೊದಲಿನಿಂದ ಗಳಿಸಬೇಕು.

ಅಯ್ಯೋ, ಅವಳು ಗಳಿಸಿದ್ದನ್ನೂ ಕಳೆದೆನಲ್ಲ! ಮನೆಗೆ ಬರುವ ಹಾದಿಯುದ್ದಕ್ಕೂ ಅವನಿಗೆ ಅದೇ ಸಂಕಟ. ಅಂಗಳದಲ್ಲಿ ಬೈಕ್ ನಿಲ್ಲಿಸಿ, ತಾಯಿಯ ಎದುರಿಗೇ ಎಲ್ಲ ಹೇಳಿ, ಖಣವನ್ನು ಸುರೇಖಾಳ ಕೈಗೆ ಕೊಟ್ಟ. “ನಿನ್ನ ನೂರೂ ಹೋದುವು. ನನ್ನಿಂದ.”

ಸುರೇಖಾ ಖಣದ ಅಂಚನ್ನು ಸವರಿದಳು. “ಗಿಡಾ ಒಣಗಿದ್ರೂ ಬೀಜ ನನ್ನ ಕಡೆ ಐತೆಲ್ರಿ,” ಎಂದಳು. “ಮತ್ತ ಗಳಿಸಿದ್ರಾತು. ಈಗ ಕೈ ತೊಳಕೊಂಡು ಬರ್ರಿ, ಉಣ್ಣೂಣು.”

ಕರೆವ್ವ ಎದ್ದು ಒಳಗೆ ಹೋದಳು. ಮರುದಿನ ಬೆಳಿಗ್ಗೆ ಕೊಟ್ರೇಶ ಹೊಲದ ಮೂಲೆಯಲ್ಲಿ ಗೂಟ ಹುಗಿಯುತ್ತಿದ್ದಾಗ ಅವಳೇ ಬಂದು ತಟ್ಟಿಯ ಇನ್ನೊಂದು ತುದಿ ಹಿಡಿದಳು. “ನಾನೂ ಕುಡೀತಿರಲಿಲ್ಲೋ ಕೊಟ್ರ್ಯಾ,” ಎಂದಳು. “ನೀ ಹೊಟ್ಯಾಗಿದ್ದಾಗನೂ ನೀರು ಕುಡೀತಿರಲಿಲ್ಲ. ಬಿಗಿಯಾಗಿ ಕಟ್ಟು.” ಅವನು ತಲೆ ತಗ್ಗಿಸಿ ಹಗ್ಗ ಬಿಗಿದ.

ಆ ವಾರವೇ ರಾಣೇಬೆನ್ನೂರಿಗೆ ಹೋಗಿ ಸುರೇಖಾಳ ಹೆಸರಿನಲ್ಲೇ ಒಂದು ಸಿಮ್ ಮಾಡಿಸಿಕೊಂಡು ಬಂದ. ಬಳಗದಲ್ಲಿ ‘ಸುರೇಖಾ, ಮೇಡ್ಲೇರಿ’ ಎಂದು ಹೊಸ ಬೂದು ಬಿಲ್ಲೆ ಹುಟ್ಟಿತು. ಮೊದಲ ಪ್ರಶ್ನೆ ಕೇಳಿದ್ದು ರಹಿಮಾನಸಾಬನೇ. ಹಳಬರು ಕೆಲವರು ಹುಡುಕಿಕೊಂಡು ಬಂದರು, ಕೆಲವರು ಬರಲಿಲ್ಲ. ಒಬ್ಬ “ಹೆಂಗಸರಿಗೇನು ತಿಳೀತೈತಿ” ಎಂದು ಬರೆದ. ಕೊಟ್ರೇಶ ಸಿಟ್ಟಿಗೆದ್ದ; ಮುಂದೆ ಆ ಮನುಷ್ಯನೇ ಪ್ರಶ್ನೆ ಕೇಳಿದಾಗ ಸುರೇಖಾ ಸಮಾಧಾನದಿಂದ ಉತ್ತರ ಕೊಟ್ಟಳು. ತಿಂಗಳೊಪ್ಪತ್ತಿನಲ್ಲಿ ಅವನೂ ‘ಕಾಯಿ ಕಚ್ಚಿತು’ ಒತ್ತಿದ. ಬಲೆ ಬಿಚ್ಚಿ ಬೀಜ ತೂಕಕ್ಕೆ ಹೋಗುವ ಹೊತ್ತಿಗೆ ನೂರು ಮತ್ತೆ ತುಂಬಿತು.

ಈ ಸಲ ಸ್ಟುಡಿಯೋಕ್ಕೆ ಹೋಗಲಿಲ್ಲ. ಹೊಲದಲ್ಲೇ ಕೊಟ್ರೇಶ ಫೋನ್ ಹಿಡಿದ. ಬೆರಳಿಗೆ ಮೆತ್ತಿದ್ದ ಮೆಣಸಿನ ಬೀಜವನ್ನು ಸುರೇಖಾ ಒರೆಸಿಕೊಳ್ಳಲು ಹೋದರೆ, “ಇರಲಿ ಬಿಡು, ಹಂಗ ಚಂದ ಕಾಣತಿ,” ಎಂದ. “ಏ ಸುರೇಖಾ, ತಲಿ ಮ್ಯಾಲೆತ್ತು. ಕದ್ದು ತಂದೋರಂಗ ನಿಲ್ಲಬ್ಯಾಡ,” ಎಂದು ಕರೆವ್ವ ಬದುವಿನಿಂದ ಗದರಿದಳು. ಫೋಟೋ ಬಿದ್ದ ಮೇಲೆ ಅದನ್ನು ಓಣಿಯ ಮನೆಮನೆಗೆ ತೋರಿಸಿಕೊಂಡು ಬಂದವಳೂ ಅವಳೇ.

ಮುಂದಿನ ಹಂಗಾಮಿನ ದಾರ ತರಲು ಇಬ್ಬರೂ ಕೂಡಿ ಕನಕಪ್ಪನ ಅಂಗಡಿಗೆ ಹೋದರು. ಕನಕಪ್ಪ ಅಭ್ಯಾಸಬಲದಿಂದ ಕುರ್ಚಿಯನ್ನು ಕೊಟ್ರೇಶನ ಕಡೆ ತಳ್ಳಿದ. ಕೊಟ್ರೇಶ ಅದನ್ನು ಟವೆಲಿನಿಂದ ಒರೆಸಿ ಸುರೇಖಾಳ ಮುಂದಿಟ್ಟ. ಅವಳು ಹಿಂದುಮುಂದು ನೋಡಿ ಕೂತಳು. ಕೂತ ಕೂಡಲೇ ಕರ್ಜಗಿಯವನೊಬ್ಬ ಗುರುತು ಹಿಡಿದು, ಚೀಲದಿಂದ ಮುದುರಿದ ಎಲೆಯೊಂದನ್ನು ತೆಗೆದು ಅವಳಿಗೆ ತೋರಿಸತೊಡಗಿದ.

ಗೊಬ್ಬರದ ಚೀಲದ ಮೇಲೆ ಜಾಗ ಮಾಡಿಕೊಂಡ ಕೊಟ್ರೇಶನನ್ನು ಪಕ್ಕದ ಮುದುಕ ಕೇಳಿದ: “ತಾವು ಯಾರಂತ ಗೊತ್ತಾಗಲಿಲ್ಲರಿ?”

ಕೊಟ್ರೇಶ ಟವೆಲನ್ನು ಒಮ್ಮೆ ಕೊಡವಿ ಹೆಗಲ ಮೇಲೆ ಹಾಕಿಕೊಂಡ. ಇಡೀ ಅಂಗಡಿಗೆ ಕೇಳುವ ಹಾಗೆ ಹೇಳಿದ:

“ನಾನೇನ್ರೀ? ಅಲ್ಲಿ ಕುರ್ಚಿ ಮ್ಯಾಲ ಕುಂತಾರಲ್ಲ, ಮೇಡ್ಲೇರಿ ಸುರೇಖಾ, ಅವರ ಗಂಡ ನಾನು.”