ಎಡಗೈ ಗಂಟು

ಅಂದು ಬೆಳಿಗ್ಗೆ ದೇವರ ಕಣ್ಣಿಗೂ ಮರೆ ಕಟ್ಟಿದ ಹಾಗೆ ಮಂಜು ಕವಿದಿತ್ತು. ನೂಲಿನ ಮೂಟೆಗಳ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದ ಮೈದುನ, ಸೈರನ್ನಿಗೂ ಮುಂಚೆ ಗಿರಣಿಗೆ ಬಂದು ಅವನ ಮಗ್ಗದ ಮೇಲೆ ಬಗ್ಗಿದ್ದ ಅತ್ತಿಗೆಯನ್ನು ನೋಡಿದ. ಅವಳ ಕೈಯಲ್ಲಿ ಕತ್ತರಿ ಇತ್ತು.

ಹಾಗಾದರೆ ಅಮ್ಮ ಹೇಳಿದ್ದು ಸುಳ್ಳಲ್ಲ. "ಆ ಎಡಚಿ ಬಲು ಜಾಣೆ ಕಣೋ. ನಿಮ್ಮಣ್ಣ ಅಂತೂ ಯುದ್ಧದಿಂದ ಬರಲಿಲ್ಲ. ಕೆಲಸ ಅವಳ ಕೈಲಿ ಉಳೀತೋ, ಮಗೂನ ಎತ್ಕೊಂಡು ತವರಿನ ದಾರಿ ಹಿಡೀತಾಳೆ. ನಮ್ಮಿಬ್ರ ಬಾಯಿಗೆ ಮಣ್ಣು."

ಯುದ್ಧ ನಡೆಯುವಾಗ ಗಿರಣಿ ಹಗಲಿರುಳು ಸಿಪಾಯಿಗಳ ಬಟ್ಟೆ ನೇಯ್ದಿತ್ತು. ಗೆದ್ದೆವು ಅಂದರು, ಗೆದ್ದ ಮೇಲೆ ಕೊಳ್ಳುವವರೇ ಇಲ್ಲ. ಗೋದಾಮಿನಲ್ಲಿ ಬಟ್ಟೆಯ ಸುರುಳಿಗಳು ಸೂರು ಮುಟ್ಟಿದವು. ಇನ್ನು ಮನೆಗೊಬ್ಬರಿಗೇ ಕೆಲಸ, ಯಾರ ನೇಯ್ಗೆ ಶುದ್ಧವೋ ಅವರಿಗೆ, ಎಂದು ಮೇಸ್ತ್ರಿ ಸಾರಿದ್ದ. ಇಂದೇ ಪರೀಕ್ಷೆ.

ಮೈದುನನ ಬಲಗೈಯ ಎರಡು ಬೆರಳು ಗುಂಡೇಟಿನಿಂದ ಮರಗಟ್ಟಿದ್ದವು. ಯುದ್ಧದಿಂದ ಬಂದ ಮೇಲೆ ತಿಂಗಳುಗಟ್ಟಲೆ ಗೋಡೆ ನೋಡುತ್ತ ಕೂತವನನ್ನು ಎಬ್ಬಿಸಿ, ತಾನು ನಡೆಸುತ್ತಿದ್ದ ಒಳ್ಳೆಯ ಮಗ್ಗ ಬಿಟ್ಟುಕೊಟ್ಟು, ಪಕ್ಕದ ಲಟಾರಿ ಮಗ್ಗಕ್ಕೆ ಸರಿದವಳು ಇದೇ ಅತ್ತಿಗೆ. ಅನುಮಾನ ಹೊಕ್ಕ ಮನಸ್ಸಿಗೆ ಈಗ ಅದೂ ಒಂದು ಹೂಟವಾಗಿಯೇ ಕಂಡಿತು.

ಗೇಟು ಕಿರ್ರೆಂದಿತು. ಅವಳು ಸರಕ್ಕನೆ ತನ್ನ ಜಾಗಕ್ಕೆ ಹೋದಳು. ಅವನು ಮೂಟೆಗಳ ಮರೆಯಿಂದ ಬಂದು ತನ್ನ ಬಟ್ಟೆಯ ಮೇಲೆ ಎಡಗೈ ಆಡಿಸಿದ. ಕತ್ತರಿಸಿದ ಎಳೆ ಒಂದೂ ಇಲ್ಲ. ತಾನು ತಪ್ಪಿದ್ದಲ್ಲೆಲ್ಲ ಸಾಸಿವೆಗಿಂತ ಸಣ್ಣ ಗಂಟು, ಅದರ ಬಾಲ ಎಡಕ್ಕೆ. ಹಾಗೆ ಗಂಟು ಹಾಕುವ ಕೈ ಇಡೀ ಗಿರಣಿಯಲ್ಲಿ ಒಂದೇ.

ಓಹೋ, ಮೇಸ್ತ್ರಿಗೆ ತೋರಿಸೋಕೆ! 'ಇವನ ಕೈಲಿ ಏನಾಗುತ್ತೆ, ಎಲ್ಲಾ ನನ್ನ ಗಂಟೇ' ಅನ್ನೋಕೆ.

"ಏನತ್ತಿಗೆ, ಇಷ್ಟು ಬೇಗ?"

"ನಿಮ್ಮಮ್ಮ ಬಾಯಿ ತೆರೆಯೋ ಮುಂಚೆ ಮನೆ ಬಿಟ್ರೆ ದಿನ ಚೆನ್ನಾಗಿರುತ್ತೆ ಮಾರಾಯ," ಅಂದಳು. ಮುಖ ತಿರುಗಿಸಲಿಲ್ಲ.

ಮೇಸ್ತ್ರಿ ಬಂದು ಇಬ್ಬರ ಬಟ್ಟೆಯನ್ನೂ ಬೆಳಕಿಗೆ ಹಿಡಿದ. "ಇವನದು ಕನ್ನಡಿ. ನಿನಗೇನಾಯ್ತಮ್ಮ? ಗೇಣುದ್ದದಲ್ಲಿ ಎಷ್ಟು ಕಡೆ ಎಳೆ ಬಿಟ್ಟಿದ್ದೀಯ!"

ಮೈದುನ ಅತ್ತಿಗೆಯ ತುಟಿಯನ್ನೇ ನೋಡಿದ. ಈಗ ಹೇಳುತ್ತಾಳೆ.

"ವಯಸ್ಸಾಯ್ತಲ್ಲ ಮೇಸ್ತ್ರಿಗಳೇ, ಕಣ್ಣು ಮೊದಲಿನ ಹಾಗಿಲ್ಲ."

"ವಯಸ್ಸಂತೆ ವಯಸ್ಸು! ಮಗಳಿಗಿನ್ನೂ ಹಾಲುಹಲ್ಲು," ಎಂದು ಗೊಣಗುತ್ತ ಮೇಸ್ತ್ರಿ ಮೈದುನನ ಕೈಗೆ ಹಿತ್ತಾಳೆಯ ಬಿಲ್ಲೆ ಹಾಕಿದ. "ಮನೆಗೊಂದೇ. ನಾಳೆಯಿಂದ ಇದನ್ನ ತಂದವರಿಗೇ ಗೇಟು ತೆರೆಯೋದು." ಮುಂದಿನ ಸಾಲಿಗೆ ಹೋದ.

ಅವನು ಬಿಲ್ಲೆಯನ್ನೇ ನೋಡುತ್ತ ನಿಂತ. ಅವಳು ತನ್ನ ಕತ್ತರಿಯನ್ನು ಸೆರಗಿಗೆ ಸುತ್ತಿಕೊಂಡು ಹೊರಡಲು ಎದ್ದಿದ್ದಳು.

"ಅತ್ತಿಗೆ, ಕೈ ಚಾಚಿ."

"ಬೇಡ ಕಣೋ. ಮತ್ತೆ ಗೋಡೆ ನೋಡ್ತಾ ಕೂತ್ಬಿಡ್ತೀಯ."

"ಮಗು ಎಲ್ಲಿ ಬಿಡುತ್ತೆ ಕೂರೋಕೆ? ಜೊತೆಗೆ ಅಮ್ಮನ ಬಾಯಿ ಬೇರೆ ಕಾಯಬೇಕು."

ಅವಳು ನಗಲಿಲ್ಲ. ಅವನು ಅವಳ ಎಡ ಅಂಗೈಯಲ್ಲಿ ಬಿಲ್ಲೆಯಿಟ್ಟು, ಅವಳ ಬೆರಳುಗಳನ್ನು ಒಂದೊಂದಾಗಿ ಮಡಚಿದ.