ತುಂಬಿದ ಲಾಳಿ

ಆ ಬೆಳಗ್ಗೆ ಪೆರಿಯನಾಯಕನಪಾಳ್ಯದ ಮೇಲೆ ಮೋಡ ಕವಿದಿತ್ತು, ಎಲೆಯೂ ಅಲುಗಲಿಲ್ಲ. ಸೆಮಿಸ್ಟರಿನ ಕೊನೆಯ ದಿನ. ಹುಡುಗರು ಜವಳಿ ವಿಭಾಗದ ಮೇಷ್ಟ್ರು ಕುಮರೇಶನ್ ಅವರನ್ನು ಸುತ್ತುವರಿದು ತಮಿಳಿನಲ್ಲಿ ಮಾರ್ಕು ಕೇಳಿದರು, ಮಿಲ್ಲಿನ ಕೆಲಸ ಕೇಳಿದರು, ಉತ್ತರ ಸಿಕ್ಕಿದ್ದೇ ಹೊರಟುಹೋದರು.

ಮೇಷ್ಟ್ರ ಕಣ್ಣು ಬಾಗಿಲಲ್ಲೇ ಇತ್ತು. ಅವರ ಅವ್ವನ ಮಗ್ಗದ ಲಾಳಿಯನ್ನು ಪ್ರಾಕ್ಟಿಕಲ್ಲಿಗೆಂದು ವಿದ್ಯಾರ್ಥಿನಿ ಗೋಕಿಲಾ ಒಯ್ದಿದ್ದಳು. ಮನೆಯಲ್ಲಿ ಅವರೊಡನೆ ಕನ್ನಡ ಆಡುತ್ತಿದ್ದವಳು ಅವ್ವ ಒಬ್ಬಳೇ. ಅವಳು ತೀರಿಹೋದ ಮೇಲೆ ಉಳಿದದ್ದು ಆ ಲಾಳಿ, ಮನೆದೇವರು ಚೌಡಮ್ಮನ ಪಟ, ಎರಡೇ. ಆದರೂ ವಾಪಸು ಕೇಳಲು ಸಂಕೋಚ.

ಎಲ್ಲರೂ ಹೋದ ಮೇಲೆ ಗೋಕಿಲಾ ಬಂದಳು. ನೇಕಾರರ ಹುಡುಗಿ, ಅವಳದೂ ಮೇಷ್ಟ್ರದೂ ಮನೆಮಾತು ಕನ್ನಡವೇ, ಆದರೆ ಕಾಲೇಜಿನಲ್ಲಿ ಅದನ್ನು ಆಡಿದವರಲ್ಲ. ಇವತ್ತು ಅವಳು ಕನ್ನಡದಲ್ಲೇ ಕೇಳಿದಳು.

“ಸಾರ್, ನಾ ಪಾಸಾಯ್ತೀನಾ?”

ಮೇಷ್ಟ್ರೂ ಕನ್ನಡದಲ್ಲೇ ಹೇಳಿದರು: “ಪಾಸು. ನೇಯ್ಗೇಲಿ ನೀನೇ ಫಸ್ಟು.”

“ಮಿಲ್ಲಿಗೆ ಹೋಗ್ಲಾ, ಅಪ್ಪನ ಮಗ್ಗದಾಗೆ ಕೂರ್ಲಾ?”

“ಮೊದಲು ಮಿಲ್ಲು ನೋಡು, ತಾಯಿ. ಮಗ್ಗ ಎಲ್ಲಿಗೂ ಓಡಲ್ಲ.”

“ಮಗ್ಗ ಓಡಲ್ಲ ಸಾರ್, ಅಪ್ಪನೇ ನನ್ನ ಓಡಿಸ್ತಾರೆ.”

ಎಷ್ಟೋ ದಿನಗಳ ಮೇಲೆ ಮೇಷ್ಟ್ರು ನಕ್ಕರು.

ಅವಳು ಚೀಲದಿಂದ ಲಾಳಿ ತೆಗೆದಳು. ಅದರೊಳಗೆ ಹೊಸ ನೂಲು ಸುತ್ತಿದ ಕಂಡಿಕೆ ಇತ್ತು.

“ಇಸ್ಕೊಂಡದ್ದು ಬರಿದಾಗಿ ಕೊಡಬಾರ್ದು ಅಂತ ಅಜ್ಜಿ ಸುತ್ತಿಕೊಟ್ರು” ಎಂದು ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ಅವರ ಅಂಗೈಯಲ್ಲಿಟ್ಟಳು.